ಇಂಜಿನ್ನಿಗೆ ಕಟ್ಟಿದ ಕಂಕಣ

ನಮ್ಮ ಅತ್ತೆಗೆ ಬಸ್ಸು ಆಗುವುದಿಲ್ಲ. ಆಟೋ ಆಗುವುದಿಲ್ಲ, ಬಾಡಿಗೆ ಕಾರು ಆಗುವುದಿಲ್ಲ. ಒಮ್ಮೆ ಬೀಗರ ಮನೆಯ ಉಯ್ಯಾಲೆಯ ಮೇಲೆ ಕೂತು ಎರಡು ಸಲ ತೂಗಿಸಿಕೊಂಡಿದ್ದಕ್ಕೇ ಎದ್ದು ಬಚ್ಚಲಿಗೆ ಓಡಿದ್ದರು. ಗಾಡಿ ಹತ್ತಿದ ಐದು ನಿಮಿಷಕ್ಕೆ ಮುಖ ಬಿಳುಚುತ್ತದೆ, ಹತ್ತು ನಿಮಿಷಕ್ಕೆ ಬೆಳಿಗ್ಗೆ ತಿಂದದ್ದೆಲ್ಲ ಹೊರಗೆ. ಅವರಿಗೆ ಆಗುತ್ತಿದ್ದ ಗಾಡಿ ಈ ಲೋಕದಲ್ಲಿ ಒಂದೇ. ತೀರಿಹೋದ ನಮ್ಮ ಮಾವನವರ ಹಳೆಯ ಬಿಳಿ ಕಾರು, ಅದರಲ್ಲೂ ಮುಂದಿನ ಎಡಗಡೆಯ ಸೀಟು. ಅಲ್ಲಿ ಕೂತು, ಎಲೆ ಅಡಿಕೆಯ ಚಂಚಿಯನ್ನು ತೊಡೆಯ ಮೇಲಿಟ್ಟುಕೊಂಡರೆ ಎಷ್ಟು ದೂರ ಬೇಕಾದರೂ ನಗುನಗುತ್ತ ಹೋಗುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಆ ಕಾರಿನ ಇಂಜಿನ್ನು ಶಿವನ ಪಾದ ಸೇರಿತು. ಅಂದಿನಿಂದ ಅತ್ತೆ ತವರಿಗೆ ಹೋಗಿರಲಿಲ್ಲ. ದಾವಣಗೆರೆಯ ನಮ್ಮ ಮನೆಯಿಂದ ತವರೇನು ದೂರವಿಲ್ಲ, ಹರಿಹರ ದಾಟಿದರೆ ಕೊಕ್ಕನೂರು. ಅಲ್ಲಿ ಅವರ ಅಣ್ಣ ಇದ್ದಾರೆ, ಎಂಬತ್ತೆಂಟು ವಯಸ್ಸು. ಬಿದ್ದು ಸೊಂಟ ಮುರಿದು ಕೂಡಿಕೊಂಡ ಮೇಲೆ ಅವರೂ ಊರು ಬಿಟ್ಟು ಬರುವುದಿಲ್ಲ. ಕಿವಿಯಂತೂ ಪೂರ್ತಿ ಹೋಗಿದೆ. ಫೋನು ಮಾಡಿದರೆ ಅತ್ತೆಯ ಮಾತು ಅವರಿಗೆ ಕೇಳುವುದಿಲ್ಲ. ವಿಡಿಯೋ ಕಾಲ್ ಮಾಡಿದರೆ ಫೋನನ್ನು ಹಣೆಗೆ ಹಿಡಿದುಕೊಳ್ಳುತ್ತಾರೆ. ನಾಲ್ಕು ವರ್ಷ ಅತ್ತೆ ಅಣ್ಣನ ಹಣೆಯ ಮೇಲಿನ ವಿಭೂತಿಯನ್ನಷ್ಟೇ ನೋಡಿದ್ದಾರೆ. ಫೋನು ಇಟ್ಟ ಮೇಲೆ ಪ್ರತಿ ಸಲ ಅದೇ ಮಾತು.

“ಒಂದ್ಸಲ ಮುಖ ನೋಡ್ಕೊಂಡು ಬಂದ್ರೆ ಸಾಕಾಗ್ತೈತವ್ವಾ. ಅವನೂ ಎಷ್ಟು ದಿನ ಇರ್ತಾನೆ, ನಾನೂ ಎಷ್ಟು ದಿನ ಇರ್ತೀನಿ.”

ಈ ಮಾತನ್ನು ಕೇಳಿ ಕೇಳಿಯೇ ನಮ್ಮ ಮನೆಯವರು ಕಾರಿಗೆ ಬೇರೆ ಇಂಜಿನ್ನು ಹಾಕಿಸುವ ಮನಸ್ಸು ಮಾಡಿದ್ದು. ಅವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ಅಂಗಡಿಯ ದೆಸೆಯಿಂದ ಅವರಿಗೊಬ್ಬ ಗೆಳೆಯ, ಕಬ್ಬಿಣ ಕಡೆಯುವ ಹರಿಹರದ ಲೇತ್ ಮೇಸ್ತ್ರಿ. ಕಾರ್ಖಾನೆಯಲ್ಲಿ ಹಲವು ವರ್ಷ ಲೇತಿನ ಮುಂದೆ ನಿಂತು ನಿವೃತ್ತಿಯಾದವರು, ಈಗ ತಮ್ಮದೇ ತಗಡಿನ ಶೆಡ್ಡಿನಲ್ಲಿ ಒಂದು ಲೇತ್ ಇಟ್ಟುಕೊಂಡು ಅದರ ಮುಂದೆ ನಿಂತಿದ್ದಾರೆ. ಹಳೆಯ ಇಂಜಿನ್ನಿಗೆ ಸಾಮಾನು ಸಿಗಲಿಲ್ಲ. ಸಿಕ್ಕಿದ್ದು, ಬೆಂಗಳೂರಿನ ಯಾವುದೋ ಹಳೆ ಇಂಜಿನ್ನುಗಳ ಗೋಡೌನಿನಲ್ಲಿ ಯಾರಿಗೂ ಬೇಡವಾಗಿ ಬಿದ್ದಿದ್ದ, ಪರದೇಶದಿಂದ ಬಂದ ರೋಟರಿ ಇಂಜಿನ್ನು.

“ಇದ್ರಾಗೆ ಪಿಸ್ಟನ್ನೇ ಇಲ್ಲ, ವಾಲ್ವೂ ಇಲ್ಲ,” ಎಂದು ಮೇಸ್ತ್ರಿ ನಮ್ಮ ಜಗುಲಿಯಲ್ಲಿ ಕೂತು ಹೇಳಿದರು. “ಇಲ್ದೇ ಇರೋ ಸಾಮಾನು ಹೆಂಗೆ ಕೆಡ್ತೈತೆ ಹೇಳ್ರಿ ಅಕ್ಕಾ?”

ನನಗೂ ಸರಿ ಎನಿಸಿತು. ಒಳಗೆ ಏನಿದೆ ಎಂದು ಕೇಳಿದ್ದಕ್ಕೆ, ಮೂರು ಮೂಲೆಯ ಒಂದು ಕಬ್ಬಿಣದ ಗಟ್ಟಿ ದುಂಡನೆಯ ಗೂಡಿನಲ್ಲಿ ಗರಗರ ಸುತ್ತುತ್ತದೆ ಎಂದರು. ನನಗೆ ತಕ್ಷಣ ಒರಳು, ಅದರಲ್ಲಿ ಹೊರಳುವ ರುಬ್ಬುಗುಂಡು ಕಣ್ಣ ಮುಂದೆ ಬಂದವು. ಅಂದಿನಿಂದ ನನ್ನ ಮಟ್ಟಿಗೆ ಅದು ಒರಳೇ. ಈ ತಿಳುವಳಿಕೆಯಿಂದ ಮುಂದೆ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ.

ಎರಡು ತಿಂಗಳು ಹಿಡಿಯಿತು. ಹಳೆಯ ಗೇರ್‌ಬಾಕ್ಸಿಗೂ ಹೊಸ ಇಂಜಿನ್ನಿಗೂ ನಡುವೆ ಮೇಸ್ತ್ರಿ ದಪ್ಪ ತಟ್ಟೆಯೊಂದನ್ನು ಲೇತಿನಲ್ಲಿ ಕಡೆದು ಕೂರಿಸಿದರು. ಇಂಜಿನ್ನು ಬದಲಾದದ್ದನ್ನು ಆರ್‌ಟಿಒ ಪುಸ್ತಕಕ್ಕೆ ಹತ್ತಿಸಲು ನಮ್ಮವರು ಎಷ್ಟು ಸಲ ಹೋದರೋ ಲೆಕ್ಕವಿಲ್ಲ, ಕೊನೆಗೂ ಆಯಿತು, ಅದೊಂದು ಪುಣ್ಯ. ಕಾರು ಸರಸ್ವತಿ ನಗರದ ನಮ್ಮ ಬೀದಿಗೆ ಬಂದ ದಿನ ಅದರ ಸದ್ದಿಗೆ ಮನೆಮನೆಯವರೂ ಹೊರಗೆ ಬಂದರು. ತಗಡಿನ ಡಬ್ಬಿಯಲ್ಲಿ ಕಣಜದ ಹುಳುಗಳನ್ನು ತುಂಬಿ ಕುಲುಕಿದಂಥ ಸದ್ದು. ಎದುರು ಮನೆಯಾಕೆ ಕಿವಿಗೆ ಸೆರಗು ಒತ್ತಿಕೊಂಡು, “ಇದೇನ್ರಿ, ವಿಮಾನ ಇಳಿದಂಗಾತು!” ಎಂದಳು.

ಅತ್ತೆಗೆ ಸದ್ದಿನ ಚಿಂತೆ ಇರಲಿಲ್ಲ. ಚಂಚಿ ಹಿಡಿದು, ಹೊಸ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಮೊದಲು ಹತ್ತಿರಕ್ಕೆ ಒಂದು ಸುತ್ತು ನೋಡೋಣ ಎಂದು ಆವರಗೆರೆ ಕಡೆ ಹೊರಟೆವು. ಊರು ದಾಟುವಷ್ಟರಲ್ಲಿ ಅತ್ತೆ ಕೈ ಎತ್ತಿದರು. ಕಾರು ನಿಂತಿತು. ಆವರಗೆರೆಯ ಹೊಸ ಲೇಔಟಿನ ಕಾಂಪೌಂಡಿಗೆ ಒರಗಿ ಅವರು ಬೆಳಗಿನ ಉಪ್ಪಿಟ್ಟನ್ನೆಲ್ಲ ಕಾರಿಕೊಂಡರು. ನಾನು ಬೆನ್ನು ಸವರಿ ನೀರು ಕೊಟ್ಟೆ. ಬಾಯಿ ಮುಕ್ಕಳಿಸಿ ಮಗನ ಕಡೆ ತಿರುಗಿ ಹೇಳಿದರು.

“ಇದು ನಿಮ್ಮಪ್ಪನ ಕಾರಿನ ವಾಸ್ನೆ ಅಲ್ಲೋ. ಯಾರೋ ಒಳಗೆ ಕುಂತು ಸೀಮೆಎಣ್ಣೆ ಕುಡ್ದು ತೇಗಿದಂಗೆ ಐತೆ.”

ಮರುದಿನ ಮೇಸ್ತ್ರಿ ಬಂದು ಬಾನೆಟ್ಟು ಎತ್ತಿದರು. ಆಯಿಲ್ ಹಾಕುವ ಬಾಯಿಯ ಪಕ್ಕಕ್ಕೆ ಎರಡು ಪುಟ್ಟ ಮೂತಿಗಳಿದ್ದವು, ಎರಡೂ ತೆರೆದಿದ್ದವು. ಅವರು ತಲೆ ತುರಿಸಿಕೊಂಡು ವಿವರಿಸಿದರು. ಯಾವ ಇಂಜಿನ್ನಿನಲ್ಲೇ ಆದರೂ ಉರಿದ ಗ್ಯಾಸು ಚೂರುಪಾರು ಸಂದಿಯಲ್ಲಿ ನುಸುಳಿ ಆಯಿಲ್ ಇರುವ ಕಡೆಗೆ ಇಳಿಯುತ್ತದಂತೆ. ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಬೇರೆ ಇಂಜಿನ್ನಿನಲ್ಲಿ ಆ ಜಾಗಕ್ಕೆ ಕ್ರ್ಯಾಂಕ್‌ಕೇಸ್ ಎನ್ನುತ್ತಾರೆ. “ಇದಕ್ಕೆ ಕ್ರ್ಯಾಂಕ್‌ಕೇಸೇ ಇಲ್ಲ ನೋಡ್ರಿ. ಆದ್ರೂ ಅದರ ರೋಗ ಮಾತ್ರ ಐತೆ.”

“ಇಲ್ದೇ ಇರೋದು ಕೆಡಲ್ಲ ಅಂದಿದ್ರಲ್ಲ?” ಎಂದೆ.

“ಅದೇ ನೋಡ್ರಿ ಅಕ್ಕಾ, ಹೊಸಾ ಥರ,” ಎಂದು ಅವರು ತಲೆಯನ್ನು ಬಾನೆಟ್ಟಿನೊಳಗೆ ತೂರಿಸಿಬಿಟ್ಟರು.

ಆ ಎರಡು ಮೂತಿಗಳಿಂದ ಬರುವ ಪೆಟ್ರೋಲು ಬೆರೆತ ಉಸಿರೇ ಗಾಜಿನ ಕೆಳಗಿನ ಗಾಳಿಕಿಂಡಿಯಿಂದ ಒಳಗೆ ನುಗ್ಗಿ ಅತ್ತೆಯ ಮೂಗು ಸೇರುತ್ತಿತ್ತು. ಮೇಸ್ತ್ರಿ ಎರಡಕ್ಕೂ ರಬ್ಬರ್ ಟೋಪಿ ಹಾಕಿ ಕ್ಲಿಪ್ಪು ಬಿಗಿದರು. ವಾಸನೆ ನಿಂತಿತು. ಹತ್ತು ನಿಮಿಷ ಎಲ್ಲರೂ ಸಂತೋಷವಾಗಿದ್ದೆವು. ಹನ್ನೊಂದನೆಯ ನಿಮಿಷಕ್ಕೆ ಆಯಿಲ್ ನೋಡುವ ಕಡ್ಡಿ ಟಪ್ ಎಂದು ಗೂಡಿನಿಂದ ಹಾರಿ ಬಾನೆಟ್ಟಿಗೆ ಬಡಿಯಿತು. ಅದರ ಹಿಂದೆಯೇ ಆಯಿಲು ಚಿಮ್ಮಿ ಬಿಸಿ ಪೈಪಿನ ಮೇಲೆ ಬಿದ್ದು, ಒಗ್ಗರಣೆ ಸೀದಂತೆ ಹೊಗೆ ಎದ್ದಿತು. ಬೆಂಕಿ ಹತ್ತಲಿಲ್ಲ, ಅದು ದೊಡ್ಡ ಪುಣ್ಯ. ಪಕ್ಕದಲ್ಲೇ ಒಣಗಲು ಹಾಕಿದ್ದ ಸಂಡಿಗೆಯ ಮೇಲೆ ಒಂದು ಹನಿಯೂ ಬೀಳಲಿಲ್ಲ, ಅದು ಸಣ್ಣ ಪುಣ್ಯ. ನಾನು ಎರಡಕ್ಕೂ ಸೇರಿಸಿ ದೇವರಿಗೆ ದೀಪ ಹಚ್ಚಿದೆ.

ಬಾಯಿ ಮುಚ್ಚಿದರೆ ಉಬ್ಬುತ್ತದೆ, ತೆರೆದರೆ ನಾರುತ್ತದೆ. ಹಾಗಾದರೆ ಆ ಉಸಿರನ್ನು ಒಂದು ಡಬ್ಬಿಗೆ ಬಿಟ್ಟು ಸೋಸಬೇಕು ಎಂದು ಮೇಸ್ತ್ರಿ ತೀರ್ಮಾನಿಸಿದರು. ಡಬ್ಬಿಗಾಗಿ ನಮ್ಮವರು ನನ್ನ ಅಡಿಗೆಮನೆಗೆ ನುಗ್ಗಿದರು. ನನ್ನ ತವರಿನ ಸ್ಟೀಲಿನ ತುಪ್ಪದ ಡಬ್ಬಿ ಹೋಯಿತು. ಅದರೊಳಗೆ ತುಂಬಲು ಪಾತ್ರೆ ತಿಕ್ಕುವ ಸ್ಟೀಲಿನ ನಾರು ಮೂರು ಹೋದವು. ಆವಿಯಲ್ಲಿರುವ ಆಯಿಲು ಆ ನಾರಿಗೆ ಅಂಟಿ ತೊಟ್ಟಿಕ್ಕಿ ತಳಕ್ಕೆ ಇಳಿಯಬೇಕಂತೆ. ಒಂದು ಮೂತಿಗೆ ಟೋಪಿ ಹಾಗೇ ಉಳಿಯಿತು. ಇನ್ನೊಂದರಿಂದ ಡಬ್ಬಿಗೆ ನಮ್ಮ ಅಂಗಡಿಯದೇ ಮೆತ್ತನೆಯ ರಬ್ಬರ್ ಪೈಪು, ನೀರಿಗೆ ಬಳಸುವಂಥದ್ದು.

ಈಗ ವಾಸನೆ ಎಷ್ಟು ತಗ್ಗಿದೆ ಎಂದು ಅಳೆಯುವುದು ಹೇಗೆ? ನಮ್ಮವರಿಗೆ ವಾಸನೆ ತಿಳಿಯುವುದಿಲ್ಲ. ಮೇಸ್ತ್ರಿಯ ಮೂಗು ಲೇತಿನ ಎಣ್ಣೆಯಲ್ಲಿ ಎಂದೋ ಸತ್ತಿದೆ. ಹಾಗಾಗಿ ಅತ್ತೆಯೇ ಯಂತ್ರವಾದರು. ಪ್ರತಿದಿನ ಬೆಳಿಗ್ಗೆ ಪೂಜೆ ಮುಗಿಸಿ, ಕೈಯಲ್ಲಿ ನಿಂಬೆಹಣ್ಣು ಹಿಡಿದು, ಮನೆಯ ಮುಂದೆ ನಿಂತ ಕಾರಿನಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಹತ್ತು ನಿಮಿಷ ಇಂಜಿನ್ನು ಓಡಬೇಕು. ಮೇಸ್ತ್ರಿ ಬಂದ ದಿನ ಮೇಸ್ತ್ರಿ, ಇಲ್ಲದ ದಿನ ನಮ್ಮವರು ಬಾನೆಟ್ಟಿನ ಆಚೆಯಿಂದ ಕೂಗುತ್ತಿದ್ದರು.

“ಅಮ್ಮಾ, ಈಗ ಎಷ್ಟೈತೆ?”

ಅತ್ತೆ ಮಂಡಕ್ಕಿ ಅಳೆಸಿ ಕೊಂಡವರು. ಅವರ ಲೆಕ್ಕ ಸೇರು, ಪಾವಿನಲ್ಲೇ, ನಾಲ್ಕು ಪಾವಿಗೆ ಒಂದು ಸೇರು.

“ಮೊದ್ಲು ಒಂದು ಸೇರಿತ್ತು. ಈಗ ಅರ್ಧ ಸೇರು. ಎಡಗಡೆಯಿಂದ ಬರ್ತೈತೆ, ನನ್ನ ಕಾಲ ಹತ್ರ.”

ಮೇಸ್ತ್ರಿ ಎಡಗಡೆ ನೋಡಿದರೆ ಅಲ್ಲೇ ಕ್ಲಿಪ್ಪು ಸಡಿಲವಾಗಿರುತ್ತಿತ್ತು. “ಕಾರ್ಖಾನೆಯಾಗೆ ಇಂಥಾ ಮೀಟ್ರು ಇರ್ಲಿಲ್ಲ ಬಿಡ್ರಿ,” ಎಂದು ಅತ್ತೆಗೆ ಕೈ ಮುಗಿದರು. ಅತ್ತೆ ಕಣ್ಣು ತೆರೆಯದೆ, “ಮೀಟ್ರಿಗೆ ಒಂದು ಲೋಟ ಚಾ ತರಾಕೆ ಹೇಳಪ್ಪ ನಿನ್ನ ಅಕ್ಕಗೆ,” ಎಂದರು.

ಆದರೆ ಅರ್ಧ ಸೇರಿನ ಕೆಳಗೆ ಅದು ಇಳಿಯಲಿಲ್ಲ. ಅರ್ಧ ಸೇರಿಗೆ ಅತ್ತೆಯ ಹೊಟ್ಟೆ ಕೊಕ್ಕನೂರಿನವರೆಗೆ ತಡೆಯುವುದಿಲ್ಲ. ಆಗ ಮೇಸ್ತ್ರಿ ಇನ್ನೊಂದು ಉಪಾಯ ಹೂಡಿದರು. ಡಬ್ಬಿಯಿಂದ ಹೊರಡುವ ಉಸಿರನ್ನು ಹೊರಗೆ ಬಿಡುವುದೇ ಬೇಡ, ಇಂಜಿನ್ನೇ ಅದನ್ನು ಎಳೆದುಕೊಂಡು ಸುಟ್ಟುಬಿಡಲಿ. ಇನ್ನೊಂದು ಪೈಪನ್ನು ಕಾರ್ಬೊರೇಟರಿನ ಕೆಳಗೆ, ಎಳೆತ ಅತಿ ಜೋರಾಗಿರುವ ಕಡೆ ಜೋಡಿಸಿದರು. ಎಳೆಯಿತು. ಉಸಿರನ್ನಷ್ಟೇ ಅಲ್ಲ, ಡಬ್ಬಿ, ನಾರು ಎಲ್ಲ ದಾಟಿ ಆಯಿಲನ್ನೂ ಎಳೆಯಿತು. ಸೈಲೆನ್ಸರಿನಿಂದ ಬೆಳ್ಳಗೆ ನೀಲಿಯಾಗಿ ಹೊಗೆ ಹೊರಟು ಬೀದಿಯ ಈ ಕೊನೆಯಿಂದ ಆ ಕೊನೆಯವರೆಗೆ ತುಂಬಿಕೊಂಡಿತು. ಯಾರ ಮನೆ ಯಾವುದು ಕಾಣಲಿಲ್ಲ. ಕಿಟಕಿಗಳು ದಡಬಡ ಮುಚ್ಚಿಕೊಂಡವು. ಹೊಗೆಯೊಳಗಿಂದ ಎದುರು ಮನೆಯಾಕೆಯ ದನಿ ಮಾತ್ರ ಬಂತು.

“ಏನ್ರೀ, ಸೊಳ್ಳೆಗೆ ಹೊಡಿಯೋರು ಬಂದಾರೇನ್ರಿ? ನಮ್ಮ ಹಿತ್ಲ ಮೋರಿಗೂ ಒಂದೀಟು ಹೊಡದು ಹೋಗಾಕೆ ಹೇಳ್ರಿ!”

ನಮ್ಮವರು ಓಡಿ ಇಂಜಿನ್ನು ಆರಿಸಿದರು. ಮೇಸ್ತ್ರಿ ಹೊಗೆಯೊಳಗಿಂದ ಗಂಭೀರವಾಗಿ, “ನಾಳೆ ಹೊಡೀತೀವ್ರಿ,” ಎಂದರು. ಎರಡು ದಿನ ಬೀದಿಯಲ್ಲಿ ಸೊಳ್ಳೆ ಕಡಿಮೆಯಿದ್ದದ್ದು ಸುಳ್ಳಲ್ಲ. ಅದನ್ನೂ ನಾನು ಪುಣ್ಯದ ಲೆಕ್ಕಕ್ಕೇ ಸೇರಿಸುತ್ತೇನೆ.

ಆ ಪೈಪನ್ನು ಕಿತ್ತು ಹಾಕಿದ್ದಾಯಿತು. ಅದೇ ವಾರ ಕೊಕ್ಕನೂರಿನಿಂದ ಅಣ್ಣನ ಸೊಸೆ ಫೋನು ಮಾಡಿದಳು. ಹಿರಿಯರಿಗೆ ಎದೆ ಕಟ್ಟಿ ಆಸ್ಪತ್ರೆಗೆ ಸೇರಿಸಿ ಕರೆದುಕೊಂಡು ಬಂದಿದ್ದರಂತೆ. ಈಗ ಎದ್ದು ಓಡಾಡುತ್ತಾರೆ, ಆದರೆ ದಿನಕ್ಕೆ ಮೂರು ಸಲ ತಂಗಿ ಬಂದಳಾ ಎಂದು ಕೇಳುತ್ತಾರಂತೆ. ಅತ್ತೆ ಅಂದು ಮಧ್ಯಾಹ್ನ ಊಟ ಬಿಟ್ಟರು. “ಬಸ್ಸಿಗೇ ಹೋಗ್ತೀನಿ, ಸತ್ರೆ ಸಾಯ್ತೀನಿ,” ಎಂದು ಕೂತರು. ಆಸೆಗೆ ಒಮ್ಮೆ ಬಸ್ಸು ಹತ್ತಿದ್ದಾಗ ಹರಿಹರದ ದಾರಿಯ ಬಾತಿ ಮುಟ್ಟುವ ಮೊದಲೇ ಪ್ರಜ್ಞೆ ತಪ್ಪಿದ್ದು ನನಗೆ ನೆನಪಿತ್ತು. ನಾಲ್ಕು ದಿನ ತಡೆಯಿರಿ ಎಂದು ಕಾಲು ಹಿಡಿದುಕೊಂಡೆ.

ಮರುದಿನ ಬೆಳಿಗ್ಗೆ ನಮ್ಮವರು ಆಯಿಲಿನ ಮುಚ್ಚಳ ತೆಗೆದರು, ತೆಗೆದವರು ಹಾಗೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಮುಚ್ಚಳದ ಅಡಿಗೆ, ಬಾಯಿಯ ಸುತ್ತ, ಬೆಣ್ಣೆ ಬರುವ ಮೊದಲು ಮಜ್ಜಿಗೆಯ ಮೇಲೆ ಕಟ್ಟುವಂಥ ಬೆಳ್ಳನೆಯ ನೊರೆ. ಮೇಸ್ತ್ರಿಗೆ ಫೋನು ಹೋಯಿತು. ಅವರು ನೊರೆಯ ಬಣ್ಣ ಕೇಳಿಕೊಂಡು ಹೇಳಿದರು.

“ಆಯಿಲಿಗೆ ನೀರು ಸೇರೈತ್ರಿ. ಒಳಗಿನ ಸೀಲು ಹೋಗಿರಬೇಕು. ಇಂಜಿನ್ ಇಳಿಸಿ ಬಿಚ್ಚಬೇಕಾಗೈತೆ. ಸೀಲು ಹೊರದೇಶದಿಂದ ಬರಬೇಕು... ತಿಂಗಳುಗಟ್ಟಲೆ ಆಗ್ತೈತೆ.”

ನಮ್ಮವರ ಮುಖ ನೋಡಲಾಗಲಿಲ್ಲ. ನಾನು ಮುಚ್ಚಳವನ್ನು ಕೈಗೆ ತೆಗೆದುಕೊಂಡು ನೋಡಿದೆ. ನನಗೆ ಇಂಜಿನ್ನು ತಿಳಿಯದು, ಆದರೆ ಮುಚ್ಚಳ ತಿಳಿಯುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳದ ಒಳಗೆ ನೀರು ನಿಲ್ಲುವುದು ಪಾತ್ರೆ ತೂತಾಗಿದ್ದಕ್ಕಲ್ಲ. ಬಿಸಿ ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿದ್ದಕ್ಕೆ.

“ರೀ, ದಿನಾ ಹತ್ತೇ ನಿಮಿಷ ಓಡಿಸ್ತೀರಿ,” ಎಂದೆ. “ಮಾಗಿ ಚಳಿ. ಅದು ಸರಿಯಾಗಿ ಕಾಯೋದ್ರೊಳಗೆ ಆಫ್ ಮಾಡ್ತೀರಿ. ಒಳಗಿನ ಆವಿ ಎಲ್ಲಿಗೆ ಹೋಗ್ಬೇಕು? ಅಲ್ಲೇ ಮುಚ್ಚಳಕ್ಕೆ ಕುಂತೈತೆ. ನೀರು ಸೋರ್ತಿದ್ರೆ ನೀರಿನ ಬಾಟ್ಲಿಯಾಗೆ ಕಡಿಮೆ ಆಗ್ಬೇಕಲ್ಲ?”

“ಆಗಿರಬಹುದು.”

“ಆಗಿರಬಹುದು ಅಂದ್ರೆ? ಗುರುತು ಹಾಕಿ ನೋಡೋಣ.”

ದೇವರ ಮುಂದಿನ ಬಟ್ಟಲಿನಿಂದ ಕುಂಕುಮ ತಂದು, ರೇಡಿಯೇಟರಿನ ಪಕ್ಕದ ಬಿಳಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಸಿರು ನೀರು ಎಲ್ಲಿಯವರೆಗಿದೆಯೋ ಅಲ್ಲಿಗೆ ಹೊರಗಿನಿಂದ ಒಂದು ಬೊಟ್ಟು ಇಟ್ಟೆ. ಎಂಟು ದಿನ, ದಿನಾ ಇಂಜಿನ್ನು ಹಚ್ಚುವ ಮೊದಲು, ಪೂಜೆಯಾದ ಮೇಲೆ ಹೋಗಿ ನೋಡಿದೆ. ನೀರು ಬೊಟ್ಟಿನಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಕಡ್ಡಿ ಎಳೆದು ನೋಡಿದರೆ ತಳದ ಆಯಿಲು ಜೇನಿನ ಹಾಗೆ ತಿಳಿಯಾಗಿತ್ತು. ನೊರೆ ಮೇಲೆ ಮಾತ್ರ. ಮೇಸ್ತ್ರಿ ಬಂದು, ಬೊಟ್ಟು ನೋಡಿ, ಕಡ್ಡಿ ನೋಡಿ, ನನ್ನನ್ನು ನೋಡಿದರು.

“ನಲವತ್ತು ವರ್ಷ ಮಷೀನು ನೋಡೀನಿ ಅಕ್ಕಾ. ಇಡ್ಲಿ ಪಾತ್ರೆ ಒಂದು ನೋಡಿರ್ಲಿಲ್ಲ.”

ನಮ್ಮವರು ಕಾರನ್ನು ಹರಿಹರದವರೆಗೆ ಎರಡು ಸಲ ಓಡಿಸಿಕೊಂಡು ಬಂದರು, ಚೆನ್ನಾಗಿ ಕಾಯಲಿ ಎಂದು. ನೊರೆ ಮಾಯವಾಯಿತು. ಮೇಸ್ತ್ರಿ ಈ ಸಲ ಡಬ್ಬಿಯ ಪೈಪನ್ನು ಜೋರು ಎಳೆತದ ಕಡೆ ಬಿಡದೆ ಏರ್ ಕ್ಲೀನರಿನೊಳಗೆ ಬಿಟ್ಟರು, ಅಲ್ಲಿ ಇಂಜಿನ್ನು ಮೆಲ್ಲಗೆ ಉಸಿರು ಎಳೆದುಕೊಳ್ಳುತ್ತದಂತೆ. ಸರಿಯಾಗಿದೆಯೋ ಇಲ್ಲವೋ ನೋಡಲು ಇಂಜಿನ್ನು ಓಡುತ್ತಿರುವಾಗಲೇ ಆಯಿಲಿನ ಮುಚ್ಚಳ ತೆಗೆದು, ಬಾಯಿಯ ಮೇಲೆ ಮುಚ್ಚಲು ಒಂದು ಚೂರು ಕಾಗದ ಕೇಳಿದರು. ಅತ್ತೆ ಚಂಚಿ ಬಿಚ್ಚಿ ವೀಳ್ಯದೆಲೆ ಕೊಟ್ಟರು. “ಕಾಗದ ಯಾಕ? ಎಲೆ ಇಡು.”

ಎಲೆ ಎಗರಿದರೆ ಒಳಗೆ ಒತ್ತಡ ಇದೆ ಎಂದರ್ಥ. ಹಿಡಿದುಕೊಂಡರೆ ಉಸಿರಾಟ ಸರಿಯಿದೆ ಎಂದರ್ಥ. ಎಲೆ ಒಂದು ಸಲ ನಡುಗಿ, ನಡುವೆ ತಗ್ಗಾಗಿ, ಬಾಯಿಗೆ ಕಚ್ಚಿಕೊಂಡಿತು.

“ಎಲೆ ಹಾಕ್ಕೊಂಡು ಉಗಿಯೋರ್ನ ಕಂಡೀನಿ,” ಎಂದರು ಅತ್ತೆ. “ಎಲೆ ಒಳಗೆ ಎಳ್ಕೊಳ್ಳೋದನ್ನ ಈಗ ಕಂಡೆ.” ಆಮೇಲೆ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. “ಪಾವೂ ಇಲ್ಲ, ಅರ್ಧ ಪಾವೂ ಇಲ್ಲ. ಸೋಮವಾರ ಹೊರಡೋಣ.”

ಇಲ್ಲಿಯವರೆಗೆ ತಪ್ಪು ಯಾರದೂ ಅಲ್ಲ. ಇನ್ನು ಹೇಳುವುದು ನನ್ನದು.

ನಮ್ಮಲ್ಲಿ ಮದುವೆಗೆ ಮೊದಲು ಒರಳಿಗೆ ಕಂಕಣ ಕಟ್ಟುವ ಪದ್ಧತಿಯಿದೆ. ಅರಿಶಿನ ಹಚ್ಚಿದ ದಾರಕ್ಕೆ ಅರಿಶಿನದ ಕೊಂಬು ಸೇರಿಸಿ, ಐದು ಸುತ್ತು ಸುತ್ತಿ ಗಂಟು ಹಾಕುತ್ತೇವೆ. ಹಿಡಿದ ಶುಭಕಾರ್ಯ ಮುಗಿಯುವವರೆಗೆ ಅದನ್ನು ಕಡಿಯುವಂತಿಲ್ಲ. ಸೋಮವಾರ ಬೆಳಿಗ್ಗೆ ಪೂಜೆ ಮುಗಿಸಿದಾಗ ನನಗೆ ಹೊಳೆಯಿತು. ಇಷ್ಟು ಕಾಡಿದ ಈ ಒರಳಿಗೂ ಒಂದು ಕಂಕಣ ಕಟ್ಟಿದರೆ, ಅತ್ತೆ ಅಣ್ಣನ ಮುಖ ನೋಡುವವರೆಗೆ ದೇವರು ಕಾಯುತ್ತಾನೆ. ಬಾನೆಟ್ಟು ಎತ್ತಿ, ಎಲ್ಲಿ ಕಟ್ಟುವುದು ಎಂದು ನೋಡಿದೆ. ಎಲ್ಲ ಕಡೆ ಕಬ್ಬಿಣ, ದಾರ ನಿಲ್ಲುವ ಜಾಗವಿಲ್ಲ. ನನ್ನ ತುಪ್ಪದ ಡಬ್ಬಿಗೆ ಹೋಗುವ ರಬ್ಬರ್ ಪೈಪು ಮಾತ್ರ ಕೈಗೆ ಹಿತವಾಗಿ ಸಿಕ್ಕಿತು. ಅದಕ್ಕೇ ಐದು ಸುತ್ತು ಸುತ್ತಿ, ಕಲ್ಲಿಗೆ ಕಟ್ಟಿ ಅಭ್ಯಾಸವಾದ ಕೈಯಲ್ಲವೇ, ಹಲ್ಲು ಕಚ್ಚಿ ಬಿಗಿದೆ. ಯಾರಿಗೂ ಹೇಳಲಿಲ್ಲ. ಹೇಳಿ ಮಾಡುವ ಕೆಲಸ ಅದಲ್ಲ ಎಂದುಕೊಂಡೆ.

ಬಾತಿ ದಾಟುವವರೆಗೆ ಅತ್ತೆ ತವರಿನ ಕಥೆ ಹೇಳುತ್ತಿದ್ದರು. ಆಮೇಲೆ ಕಥೆ ನಿಂತಿತು.

“ಪಾವು,” ಎಂದರು.

ನಮ್ಮವರು ಕೇಳಿಸಿಕೊಳ್ಳದ ಹಾಗೆ ಓಡಿಸಿದರು.

“ಅರ್ಧ ಸೇರು.”

“ಅಮ್ಮಾ, ಹರಿಹರ ಬಂತು. ಲಿಂಬಿಹಣ್ಣು ಮೂಸು.”

“ಸೇರು ಕಣೋ! ತುಂಬಿ ಚೆಲ್ಲಾಕೆ ಹತ್ತೈತೆ!”

ಮೇಸ್ತ್ರಿಯ ಶೆಡ್ಡಿನ ಮುಂದೆ ಕಾರು ನಿಲ್ಲುವುದಕ್ಕೂ ಬಾನೆಟ್ಟಿನೊಳಗೆ ಟಪ್ ಎನ್ನುವುದಕ್ಕೂ ಸರಿಹೋಯಿತು. ಕಡ್ಡಿ ಹಾರಿತ್ತು. ಅತ್ತೆ ಬಾಗಿಲು ತೆಗೆದು ಇಳಿದು ಬೇವಿನ ಮರದ ಕೆಳಗೆ ನಿಂತರು. ವಾಂತಿಯಾಗಲಿಲ್ಲ, ಅಂಚಿಗೆ ಬಂದು ನಿಂತಿತ್ತು. ಮುಖ ಸುಣ್ಣವಾಗಿತ್ತು.

“ನಾನು ಮನಿಗೆ ಹೋಗ್ತೀನಿ. ನನ್ನ ಹಣೇಲಿ ಅವನ ಮುಖ ಬರ್ದಿಲ್ಲ.”

“ಹೆಂಗೆ ಹೋಗ್ತೀಯಮ್ಮಾ?”

“ನಡ್ಕೊಂಡು.”

ಕಣ್ಣಲ್ಲಿ ನೀರಿತ್ತು, ಆದರೆ ದಾವಣಗೆರೆಯ ದಾರಿಗೆ ತಿರುಗಿ ನಾಲ್ಕು ಹೆಜ್ಜೆ ಇಟ್ಟದ್ದೂ ನಿಜ. ನಾನು ಓಡಿಹೋಗಿ ಸೆರಗು ಹಿಡಿದುಕೊಂಡೆ. ಅಷ್ಟರಲ್ಲಿ ಮೇಸ್ತ್ರಿ ಶೆಡ್ಡಿನಿಂದ ಬಂದು ಬಾನೆಟ್ಟು ಎತ್ತಿದ್ದರು. ಆಮೇಲೆ ಬಹಳ ಮೃದುವಾಗಿ ಕರೆದರು.

“ಅಕ್ಕಾ, ಇಲ್ಲಿ ಬರ್ರಿ. ಇದು ಯಾರ ಮದುವಿ?”

ಬಿಸಿಗೆ ಇನ್ನೂ ಮೆತ್ತಗಾದ ಪೈಪು ನನ್ನ ದಾರದ ಬಿಗಿತಕ್ಕೆ ಚಪ್ಪಟೆಯಾಗಿ, ಎರಡೂ ಗೋಡೆ ಅಂಟಿಕೊಂಡಿತ್ತು. ಅರಿಶಿನದ ಕೊಂಬು ಪಕ್ಕದಲ್ಲಿ ನೇತಾಡುತ್ತಿತ್ತು. ನಾನು ಕಟ್ಟಿದ್ದು ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಭೂಮಿ ಬಾಯಿಬಿಡಲಿ ಎನಿಸಿತು.

“ಕಟ್ಟಿದ್ದು ತಪ್ಪಲ್ರಿ,” ಎಂದರು ಮೇಸ್ತ್ರಿ. “ಆದ್ರೆ ಇದು ಅದರ ಗಂಟ್ಲು. ಕಂಕಣ ಕೈಗೆ ಕಟ್ತಾರೆ, ಗಂಟ್ಲಿಗೆ ಯಾರು ಕಟ್ತಾರೆ?”

ನಮ್ಮವರು ನನ್ನನ್ನು ನೋಡಿದ ನೋಟವನ್ನು ಬರೆಯುವುದಿಲ್ಲ. ಮೇಸ್ತ್ರಿ ಬ್ಲೇಡು ತಂದರು. ಆಗ ಮರದ ಕೆಳಗಿಂದ ಅತ್ತೆ ದಾಪುಗಾಲಿಟ್ಟು ಬಂದು ಅವರ ಕೈ ಹಿಡಿದರು.

“ಏಯ್! ಕಟ್ಟಿದ ಕಂಕಣ ನಡುದಾರ್ಯಾಗೆ ಕಡೀಬ್ಯಾಡ. ನನ್ನ ಅಣ್ಣ ಅಲ್ಲಿ ಎದೆ ಹಿಡ್ಕೊಂಡು ಕುಂತಾನೆ. ಅವನ ಹೆಸರಿಗೆ ಕಟ್ಟಿರೋದು.”

“ಅಮ್ಮಾ, ಇದು ಕಡೀದಿದ್ರೆ ಇಂಜಿನ್ನು ಉಸಿರಾಡಲ್ಲ.”

“ಕಡಿದ್ರೆ ನಾನು ಹತ್ತಲ್ಲ.”

ನಿಂತೆವು. ದಾರ ಕಡಿಯದೆ ಕಾರು ಹೋಗುವುದಿಲ್ಲ. ಕಾರು ಕೊಕ್ಕನೂರು ಮುಟ್ಟದೆ ದಾರ ಕಡಿಯುವಂತಿಲ್ಲ. ನಮ್ಮವರು ದೇವರಿಗೆ ಇದೆಲ್ಲ ತಿಳಿಯುವುದಿಲ್ಲವೇ ಎಂದು ವಾದ ಶುರು ಮಾಡಿದರು. ನಿಜ ಹೇಳುತ್ತೇನೆ, ತಪ್ಪು ನನ್ನದಾದರೂ ನನ್ನ ಮನಸ್ಸೂ ಅತ್ತೆಯ ಕಡೆಗೇ ಇತ್ತು. ಕಟ್ಟುವಾಗ ನಾನು ಸುಮ್ಮನೆ ಕಟ್ಟಿರಲಿಲ್ಲ. ಹೆಸರು ಹೇಳಿ, ಬೇಡಿಕೊಂಡು ಕಟ್ಟಿದ್ದೆ.

ಮೇಸ್ತ್ರಿ ಬ್ಲೇಡನ್ನು ಜೇಬಿಗೆ ಹಾಕಿಕೊಂಡರು. ಪೈಪಿನ ದಪ್ಪವನ್ನು ಬೆರಳಲ್ಲಿ ಹಿಡಿದು ನೋಡಿ, ಶೆಡ್ಡಿನೊಳಗೆ ಹೋದರು. ಲೇತಿನ ಸದ್ದು ಕೇಳಿಸಿತು. ಅವರು ಹೊರಗೆ ಬಂದಾಗ ಕೈಯಲ್ಲಿ ಕಿರುಬೆರಳಿನಷ್ಟು ಉದ್ದದ, ಫಳಫಳ ಹೊಳೆಯುವ ಸ್ಟೀಲಿನ ಕೊಳವೆಯಿತ್ತು. ಒಂದು ತುದಿಯನ್ನು ಮೂಗಿನ ಹಾಗೆ ಸಣ್ಣಗೆ ಕಡೆದಿದ್ದರು.

“ಇದನ್ನ ಪೈಪಿನೊಳಗೆ ತೂರಿಸ್ತೀನಿ, ಸರಿಯಾಗಿ ದಾರದ ಕೆಳಗೆ. ನಿಮ್ಮ ಕಂಕಣ ಹೊರಗೆ ಇರ್ಲಿ. ಒಳಗೆ ದಾರಿ ತೆರೀತೈತೆ. ಜಾರಾಕೆ ಏನಾರ ಐತೇನ್ರಿ?”

ಕೊಕ್ಕನೂರಿಗೆಂದು ಕಟ್ಟಿಕೊಂಡಿದ್ದ ಹೋಳಿಗೆಯ ಜೊತೆ ತುಪ್ಪವಿತ್ತು. ಎರಡು ಚಮಚ ಕೊಟ್ಟೆ. ತುಪ್ಪದ ಡಬ್ಬಿಗೆ ಹೋಗುವ ಪೈಪಿಗೆ ಕೊನೆಗೂ ತುಪ್ಪ ಮುಟ್ಟಿತು. ಮೇಸ್ತ್ರಿ ಪೈಪಿನ ಒಂದು ತುದಿ ಬಿಡಿಸಿ, ಕೊಳವೆಯನ್ನು ತಿರುಗಿಸುತ್ತ ತಿರುಗಿಸುತ್ತ ಒಳಗೆ ಒತ್ತಿದರು. ಮೂಗು ದಾರದ ಕೆಳಗೆ ತೂರಿತು, ಚಪ್ಪಟೆಯಾಗಿದ್ದದ್ದು ದುಂಡಗಾಯಿತು, ದಾರ ಒಂದು ಎಳೆಯೂ ಹರಿಯಲಿಲ್ಲ. ಕಡ್ಡಿಯನ್ನು ಗೂಡಿಗೆ ಹಾಕಿ, ಚೆಲ್ಲಿದ ಆಯಿಲು ತುಂಬಿ, ಇಂಜಿನ್ನು ಹಚ್ಚಿದರು. ಅತ್ತೆ ತಾವೇ ವೀಳ್ಯದೆಲೆ ಇಟ್ಟರು. ಎಲೆ ನಡುಗಿತು, ತಗ್ಗಿತು, ಕಚ್ಚಿಕೊಂಡಿತು.

“ಹತ್ರಿ ಇನ್ನ,” ಎಂದರು ಅತ್ತೆ, ನಾವೇ ತಡಮಾಡಿದವರ ಹಾಗೆ.

ಹರಿಹರದಿಂದ ಮುಂದೆ ನಾನು ಹಿಂದಿನ ಸೀಟಿನಲ್ಲಿ ಕೂತು ಪಂಚಾಕ್ಷರಿ ಜಪಿಸುತ್ತ ಅತ್ತೆಯ ಕೈಯನ್ನೇ ನೋಡುತ್ತಿದ್ದೆ. ಆ ಕೈ ಮೇಲೇಳಲಿಲ್ಲ. ಒಮ್ಮೆ ಎದ್ದಾಗ ನನ್ನ ಜೀವವೇ ಹೋಯಿತು. ಅವರು ಎಲೆಗೆ ಸುಣ್ಣ ಹಚ್ಚಲು ಎತ್ತಿದ್ದರು ಅಷ್ಟೆ.

ಊರು ಹೊಕ್ಕು ಮನೆಯ ಬೀದಿಗೆ ತಿರುಗಿದರೆ, ಅಣ್ಣ ಆಗಲೇ ಅಂಗಳದ ಗೇಟಿನ ಹತ್ತಿರ ಕೋಲೂರಿಕೊಂಡು ನಿಂತಿದ್ದಾರೆ. ಹಿಂದೆ ಅವರ ಸೊಸೆ ಕೈಗೆ ಅಂಟಿದ ಹಿಟ್ಟಿನ ಜೊತೆಗೇ ಓಡಿಬರುತ್ತಿದ್ದಾಳೆ.

“ಯಾರು ಹೇಳಿದ್ರವ್ವಾ ಇವರಿಗೆ ನಾವು ಬಂದೀವಿ ಅಂತ?” ಎಂದೆ.

“ಯಾರೂ ಹೇಳಿಲ್ಲಕ್ಕಾ! ಕುಂತೋರು ಒಮ್ಮಿಂದೊಮ್ಮೆ ಎದ್ದು, ಏನೋ ಕೂಗ್ತೈತೆ ಅಂತ ಹೊರಗೆ ಬಂದ್ರು. ನಾನು ಪಕ್ಕದಾಗೆ ನಿಂತು ಬಡ್ಕೊಂಡ್ರೂ ಕೇಳಲ್ಲ ಇವರಿಗೆ!”

ಅವರಿಗೆ ಇಂಜಿನ್ನು ಕೇಳಿಸಿತ್ತು.

ಅತ್ತೆ ಇಳಿಯುವವರೆಗೂ ಕಾಯದೆ ಅಣ್ಣನೇ ಕಾರಿನ ಸುತ್ತ ಕೋಲೂರುತ್ತ ಬಂದು, ನಮ್ಮವರನ್ನು ಎಬ್ಬಿಸಿ, ಸ್ಟಿಯರಿಂಗಿನ ಮುಂದೆ ಕೂತರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಕೈ ಚಾಚಿ ಅಣ್ಣನ ಹಣೆ, ಮೂಗು, ಗಲ್ಲ ಎಲ್ಲ ಸವರಿದರು. ಹಣೆಯ ಕೆಳಗೆ ಮುಖ ಇನ್ನೂ ಇದೆಯೇ ಎಂದು ನೋಡುವವರ ಹಾಗೆ.

“ಸಣ್ಣಾಗೀಯ,” ಎಂದರು ಅತ್ತೆ. ಅವರಿಗೆ ಕೇಳಲಿಲ್ಲ.

“ಬಾಳ ದಿನ ಮಾಡಿದೆ,” ಎಂದರು ಅಣ್ಣ. ಆಮೇಲೆ ಡ್ಯಾಶ್‌ಬೋರ್ಡಿನ ಮೇಲೆ ಕೈಯಾಡಿಸಿ ನಮ್ಮವರನ್ನು ಕೂಗಿದರು. “ತಮ್ಮಾ, ಆಫ್ ಯಾಕ ಮಾಡಿದಿ? ಹಚ್ಚು. ನನಗೆ ಕೇಳ್ತೈತೆ ಅದು.”

ನಮ್ಮವರು ಕಿಟಕಿಯಿಂದ ಕೈ ಹಾಕಿ ಹಚ್ಚಿದರು. ಕೊಕ್ಕನೂರಿನ ಕೋಳಿಗಳೆಲ್ಲ ಚದುರಿ ಓಡಿದವು. ಅಣ್ಣ ತಲೆಯನ್ನು ಸೀಟಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತ ಕೂತರು. ಅತ್ತೆ ಅವರ ಪಕ್ಕದಲ್ಲಿ ಕೂತು, ನಿಂಬೆಹಣ್ಣನ್ನು ಚಂಚಿಯೊಳಗೆ ಹಾಕಿಟ್ಟು, ಎಲೆ ಮಡಿಸಿ ಅವರ ಬಾಯಿಗೆ ಕೊಟ್ಟರು. ನಾನು ಅಂಗಳದಿಂದ ನೀರು, ಅಕ್ಷತೆ ತಂದು ಬಾನೆಟ್ಟಿನ ಮುಂದೆ ಕಾದು ನಿಂತೆ. ಇಂಜಿನ್ನು ತಣ್ಣಗಾದ ಮೇಲೆ ಕಂಕಣ ಬಿಚ್ಚಬೇಕಿತ್ತು. ಆದರೆ ಅವರಿಬ್ಬರೂ ಅದನ್ನು ಆಫ್ ಮಾಡಲು ಬಿಡಲಿಲ್ಲ.